ನಾಯಿಗಳ ನಲ್ಲಿ

ನಾಯಿಗೆ ಆಗದ ನೀರಿಗೆ ಹನ್ನೊಂದು ಹೆಂಗಸರು ದಿನಾ ಬೆಳಿಗ್ಗೆ ಇಳಿಯುತ್ತಿದ್ದರು. ಸೊಂಟದವರೆಗೆ ಇಳಿಯುತ್ತಿದ್ದರು, ಎದೆಯವರೆಗೆ ಇಳಿಯುತ್ತಿದ್ದರು, ಕುಳ್ಳಗಿದ್ದವರು ಗದ್ದದವರೆಗೆ ಇಳಿದು ಬಾಯಿ ಬಿಗಿದುಕೊಂಡು ನಡೆಯುತ್ತಿದ್ದರು. ಅದು ನಾಯಿಗೆ ಆಗದ ನೀರು ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಅವರು ಅಳಲಿಲ್ಲ, ನಕ್ಕರು. ಅಂತಿಂಥ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಕಾಲು ಜಾರಿ, ಮುಳುಗಿ ಎದ್ದು ಮತ್ತೆ ನಕ್ಕರು. ಮೇಸ್ತ್ರಿ ದಡದಿಂದ ಕಲ್ಲು ಬೀಸುವವರೆಗೂ ನಕ್ಕರು.

ಕೆಲಸ ಇಷ್ಟೇ. ಬಿಸಿಲು ಏರಿದರೆ ಕೆರೆಯ ಮೇಲೆ ಹಸಿರು ಪಾಚಿ ಕೆನೆಗಟ್ಟುತ್ತದೆ. ದಪ್ಪ ಕೆನೆ, ಬಣ್ಣದ ಡಬ್ಬಿ ಬೋರಲು ಹಾಕಿದ ಹಾಗೆ. ನಾತ ಬೇರೆ. ದಡದ ಹಾದಿಯಲ್ಲಿ ವಾಕಿಂಗ್ ಮಾಡುವವರಿಗೆ ಆ ನಾತ ಆಗುವುದಿಲ್ಲ. ಅದಕ್ಕೆ ಕೆನೆಯನ್ನು ಎಳೆದು ತಂದು ಹಿಂಬದಿಯ ದಡದಲ್ಲಿ ರಾಶಿ ಹಾಕಬೇಕು. ಒಂದು ಉದ್ದನೆಯ ಹಗ್ಗ. ಅದು ತೇಲಲಿ ಅಂತ ಉದ್ದಕ್ಕೂ ಕಟ್ಟಿದ ಖಾಲಿ ಡಬ್ಬಿಗಳು. ಕೆಳಗೆ ಸೊಳ್ಳೆಪರದೆಯಂಥ ಬಲೆ. ಹನ್ನೊಂದು ಜನ ಹಗ್ಗ ಹಿಡಿದು ಸಾಲಾಗಿ ನೀರಿನಲ್ಲಿ ನಡೆಯಬೇಕು. ಹಗ್ಗದ ಮುಂದಿನ ತುದಿಗೆ ತಲೆ ಅಂತ ಹೆಸರು, ಹಿಂದಿನ ತುದಿಗೆ ಬಾಲ.

ಬಾಲ ಹಿಡಿಯುವುದು ನರಕ. ಆಳದ ಕಡೆಯಿಂದ ಬಳಸಿಕೊಂಡು ಬರಬೇಕು. ಬಳಸುವಾಗ ಕೆನೆಯೆಲ್ಲ ಬಂದು ಬಾಲ ಹಿಡಿದವಳ ಕೊರಳಿಗೇ ಸುತ್ತಿಕೊಳ್ಳುತ್ತದೆ. ಎಲ್ಲರಿಗಿಂತ ಎತ್ತರ ಇದ್ದ ತಪ್ಪಿಗೆ ಆ ತುದಿ ಉದ್ದಕ್ಕನ ಪಾಲಿಗೆ ಬಂದಿತ್ತು. ಅವಳ ಗಂಡ ಅವಳ ಭುಜಕ್ಕೆ ಬರುತ್ತಿದ್ದ. ಓಣಿಯವರು ಅವನನ್ನು ಗಿಡ್ಡಣ್ಣ ಅನ್ನುತ್ತಿದ್ದರು. ಇಬ್ಬರೂ ಜೊತೆಗೆ ನಡೆದು ಬಂದರೆ ಮಕ್ಕಳು ಆಟ ಬಿಟ್ಟು ನೋಡುತ್ತಿದ್ದವು. ಉದ್ದಕ್ಕನಿಗೆ ಅದರಿಂದ ಸಿಟ್ಟು ಬರುತ್ತಿರಲಿಲ್ಲ. ಅವಳಿಗೆ ಸಿಟ್ಟು ಬರುತ್ತಿದ್ದುದು ಬೇರೆ ವಿಷಯಕ್ಕೆ, ಬಂದದ್ದನ್ನು ನುಂಗಿ ನುಂಗಿ ಅಭ್ಯಾಸವಾಗಿತ್ತು.

ಹಗ್ಗದ ಕಟ್ಟಳೆ ಒಂದೇ. ಬಾಲ ಎತ್ತ ತಿರುಗುತ್ತದೋ ಎಲ್ಲರೂ ಅತ್ತ ತಿರುಗಬೇಕು. ಯಾಕೆ ಅಂತ ಕೇಳುವಂತಿಲ್ಲ, ಕೈ ಬಿಡುವಂತಿಲ್ಲ. ಕೆನೆ ಎಲ್ಲಿ ಜಾರುತ್ತಿದೆ ಅಂತ ಬಾಲದವಳಿಗೆ ಮಾತ್ರ ಗೊತ್ತಾಗುವುದು. ನಡುವೆ ಒಬ್ಬಳು ಕೈಬಿಟ್ಟರೆ ಬೆಳಗಿನಿಂದ ಎಳೆದದ್ದೆಲ್ಲ ನೀರುಪಾಲು. ಹಿಂದೊಮ್ಮೆ ಒಬ್ಬಳು ಜಿಗಣೆ ಕಚ್ಚಿತು ಅಂತ ಕೈಬಿಟ್ಟಿದ್ದಳು. ಉಳಿದವರು ಅವಳ ಜೊತೆ ಎಷ್ಟೋ ದಿನ ಮಾತೇ ಬಿಟ್ಟಿದ್ದರು.

ಉದ್ದಕ್ಕನ ಸೊಸೆ ಹೊಸಬಳು. ಬಾಣಂತನ ಮುಗಿಸಿ ಈಗಷ್ಟೇ ಹಗ್ಗ ಹಿಡಿದಿದ್ದಳು. ಮಗ ಲಾರಿ ಕ್ಲೀನರ್, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಸೊಸೆ ಕೆಲಸಕ್ಕೆ ಬರಲೇಬೇಕಾಯಿತು. ಅವಳದೊಂದು ರೋಗ. ಯಾವುದಕ್ಕೂ ಕಿಸಕ್ಕನೆ ನಗುವುದು. ಬೈದರೆ ನಗು, ಬಿದ್ದರೆ ನಗು, ಸತ್ತವರ ಮನೆಯಲ್ಲೂ ಬಾಯಿಗೆ ಬಟ್ಟೆ ತುರುಕಿಕೊಂಡು ನಗು. ಅದಕ್ಕೇ ಅವಳ ಹೆಸರು ಕಿಸಕ್ಕಿ.

"ಹಲ್ಲು ಕಿರೀಬೇಡ್ವೇ, ಪಾಚಿ ಒಳಗೆ ಹೋಗತ್ತೆ" ಅಂತ ಉದ್ದಕ್ಕ ಬೈಯುತ್ತಿದ್ದಳು.

"ಹೋದ್ರೆ ಹೋಗ್ಲಿ ಅತ್ತೆ, ಊಟ ಉಳೀತು."

ಅವತ್ತು ಹಗ್ಗದಿಂದ ಒಂದು ಡಬ್ಬಿ ಕಳಚಿಕೊಂಡು ವಾಕಿಂಗ್ ಹಾದಿಯ ಕಡೆಯ ದಡಕ್ಕೆ ತೇಲಿಹೋಯಿತು. ತರಲು ಕಿಸಕ್ಕಿ ಹೋದಳು. ಆ ದಡದಲ್ಲಿ ಒಂದು ಬೋರ್ಡು ಇತ್ತು. ಹೆಂಗಸರು ದಿನಾ ನೋಡುತ್ತಿದ್ದದ್ದು ಅದರ ಬೆನ್ನನ್ನು. ಅದರ ಮುಖ ಇದ್ದದ್ದು ವಾಕಿಂಗ್ ಮಾಡುವವರ ಕಡೆಗೆ. ಕಿಸಕ್ಕಿ ಡಬ್ಬಿ ಎತ್ತಿಕೊಂಡು ಮುಂದೆ ಬಂದು ನಿಂತು, ತಲೆ ಎತ್ತಿ ಓದಿದಳು. ಅವಳಿಗೆ ಓದಲು ಬರುತ್ತಿತ್ತು.

"ಅತ್ತೇ, ಇಲ್ಲೇನೋ ಬರ್ದಿದಾರೆ."

"ಬರ್ಕೊಳ್ಳಲಿ. ನೀನು ಡಬ್ಬಿ ತಗೊಂಡ್ ಬಾ."

"ನಾಯಿ ಬಗ್ಗೆ ಬರ್ದಿದಾರೆ!"

ಆಮೇಲೆ ಅವಳು ಕೂಗಿ ಓದಿದಳು. ಎಚ್ಚರಿಕೆ. ಈ ಕೆರೆಯಲ್ಲಿ ವಿಷಪಾಚಿ ಇದೆ. ನಿಮ್ಮ ನಾಯಿಗಳನ್ನು ನೀರಿಗೆ ಇಳಿಸಬೇಡಿ. ನೀರು ತಾಗಿದರೆ ನಾಯಿಯ ಮೈಯನ್ನು ಕೂಡಲೇ ಶುದ್ಧ ನೀರಿನಿಂದ ತೊಳೆಯಿರಿ. ಅದಕ್ಕಾಗಿ ನಲ್ಲಿಯ ವ್ಯವಸ್ಥೆ ಮಾಡಲಾಗಿದೆ.

ನೀರಿನಲ್ಲಿದ್ದ ಹತ್ತು ಜನರೂ ನಿಂತಲ್ಲೇ ನಿಂತರು. ಯಾರೋ ಒಬ್ಬಳು ಕೇಳಿದಳು, "ಹೆಂಗಸ್ರ ಬಗ್ಗೆ ಏನ್ ಬರ್ದಿದೆ?"

"ಏನೂ ಇಲ್ಲ."

"ಸರಿಯಾಗಿ ನೋಡೇ, ಕೆಳಗೆ ಸಣ್ಣಕ್ಷರದಲ್ಲಿ ಇರ್ಬೋದು."

ಕಿಸಕ್ಕಿ ಬಗ್ಗಿ ನೋಡಿದಳು. "ಕೆಳಗೆ ಬೋರ್ಡು ಬರೆದೋನ ಹೆಸ್ರಿದೆ ಕಣ್ರೇ!"

ಅಷ್ಟೇ ಸಾಕಾಯಿತು. ಒಬ್ಬಳು ಕಿಸಕ್ಕೆಂದಳು. ಪಕ್ಕದವಳು ಅವಳನ್ನು ಗದರಿಸಲು ಹೋಗಿ ತಾನೇ ನಕ್ಕಳು. ಹಗ್ಗದುದ್ದಕ್ಕೂ ನಗು ಓಡಿತು. ಡಬ್ಬಿಗಳೆಲ್ಲ ಕುಣಿದವು. ಒಬ್ಬಳು ನಗುತ್ತ ಮುಳುಗಿದಳು, ಅವಳನ್ನು ಎತ್ತಲು ಹೋದವಳೂ ಮುಳುಗಿದಳು. ಆದರೂ ಹಗ್ಗ ಮಾತ್ರ ಯಾರೂ ಬಿಡಲಿಲ್ಲ. "ಅಯ್ಯೋ ನನ್ನ ಗಂಡ ದಿನಾ ನಾಯಿ ಅಂತಾನಲ್ಲೇ, ನಿಜವಾಗ್ಲೂ ಆಗಿದ್ರೆ ಎಷ್ಟು ಚೆನ್ನಾಗಿತ್ತೇ!" ಅಂತ ಒಬ್ಬಳು ಕಿರುಚಿದಳು. ಮೇಸ್ತ್ರಿ ದಡದಲ್ಲಿ ಕುಣಿದಾಡುತ್ತ ಕಲ್ಲು ಬೀಸಿದ.

ಉದ್ದಕ್ಕ ನಗಲಿಲ್ಲ. ಅವಳ ಕಣ್ಣು ಇದ್ದದ್ದು ಬೋರ್ಡಿನ ಪಕ್ಕದ ನಲ್ಲಿಯ ಮೇಲೆ.

ಅಲ್ಲಿ ಎರಡು ನಲ್ಲಿಗಳಿದ್ದವು. ಒಂದು ಎದೆ ಎತ್ತರಕ್ಕೆ, ನುಣ್ಣನೆಯ ಕಲ್ಲಿನ ಕಂಬದಲ್ಲಿ. ಅದು ವಾಕಿಂಗ್ ಮಾಡುವವರಿಗೆ ಕುಡಿಯಲು. ಇನ್ನೊಂದು ಮೊಣಕಾಲೆತ್ತರಕ್ಕೆ, ಕೆಳಗೊಂದು ಕಲ್ಲುಬಾನಿ. ಅದು ನಾಯಿಗಳಿಗೆ. ಎರಡಕ್ಕೂ ಒಂದೇ ಕೊಳವೆಬಾವಿಯ ನೀರು, ಸ್ಫಟಿಕದಂಥ ನೀರು. ಉದ್ದಕ್ಕನಿಗೆ ಆ ನೀರು ಬೇಕಿತ್ತು. ತನಗಲ್ಲ. ಅವಳ ತೊಡೆ, ಸೊಂಟ, ಕಂಕುಳು ಎಲ್ಲ ದದ್ದೆದ್ದು ಒಡೆದು ಒಣಗಿ ಮತ್ತೆ ಎದ್ದು, ಈಗ ತೊಗಟೆಯಾಗಿತ್ತು. ಬೇಕಿದ್ದದ್ದು ಮೊಮ್ಮಗಳಿಗೆ.

ಮಧ್ಯಾಹ್ನ ಗಿಡ್ಡಣ್ಣ ಕೂಸನ್ನು ಎತ್ತಿಕೊಂಡು ಕೆರೆಯ ಹಿಂಬಾಗಿಲಿಗೆ ಬರುತ್ತಿದ್ದ. ಕಿಸಕ್ಕಿ ನೀರಿನಿಂದ ಎದ್ದು ಹೋಗಿ ಹಾಲು ಕುಡಿಸಬೇಕು. ಕೊರಳಿನಿಂದ ಕಾಲಿನವರೆಗೆ ಹಸಿರು ಲೋಳೆ. ತೊಳೆದುಕೊಳ್ಳಲು ಕೆರೆಯ ನೀರೇ. ಪಾಚಿಯನ್ನು ಪಾಚಿಯಿಂದ ತೊಳೆದ ಹಾಗೆ. ಗಿಡ್ಡಣ್ಣ ಮನೆಯಿಂದ ಒಂದು ಸೀಸೆ ನೀರು ತರುತ್ತಿದ್ದ. ಓಣಿಗೆ ನೀರು ಬರುವುದು ಟ್ಯಾಂಕರಿನಲ್ಲಿ, ಬಂದರೆ ಜಗಳ, ಬರದಿದ್ದರೆ ಗೋಳು. ಆ ಒಂದು ಸೀಸೆ ಲೋಳೆಯನ್ನು ಇನ್ನಷ್ಟು ಹರಡುತ್ತಿತ್ತೇ ಹೊರತು ತೆಗೆಯುತ್ತಿರಲಿಲ್ಲ. ಕೂಸಿನ ತುಟಿಯ ಸುತ್ತ ಗುಳ್ಳೆ ಎದ್ದವು. ಆಮೇಲೆ ವಾಂತಿ, ಭೇದಿ. ಕುತ್ತಿಗೆ ನಿಲ್ಲುವ ಹೊತ್ತಿಗೆ ಬತ್ತಿಯ ಹಾಗೆ ಸೊರಗಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿ, "ಚೆನ್ನಾಗಿ ತೊಳ್ಕೊಂಡು ಕುಡ್ಸಮ್ಮ. ಹೀಗೇ ಆದ್ರೆ ಕೂಸು ಉಳಿಯಲ್ಲ" ಅಂದರು. ಅಲ್ಲಿ ಮಾತ್ರ ಕಿಸಕ್ಕಿ ನಗಲಿಲ್ಲ.

ಬೋರ್ಡು ಓದಿದ ದಿನ ಅತ್ತೆ ಸೊಸೆ ಇಬ್ಬರೂ ನಲ್ಲಿಯ ಹತ್ತಿರ ಹೋದರು. ವಾಚ್‌ಮನ್ ಅಡ್ಡ ಬಂದ.

"ಸ್ವಲ್ಪ ನೀರು ಅಣ್ಣ, ಕೂಸಿಗೆ ಹಾಲು ಕೊಡ್ಬೇಕು, ಎದೆ ತೊಳ್ಕೋಬೇಕು" ಅಂದಳು ಕಿಸಕ್ಕಿ.

"ಇದು ಸಾರ್ವಜನಿಕರಿಗೆ."

"ನಾವ್ಯಾರು?"

"ನೀವು ಗುತ್ತಿಗೆ."

"ಹೋಗ್ಲಿ, ಆ ಕೆಳಗಿಂದು?"

"ಅದು ನಾಯಿಗಳಿಗೆ."

"ನಾಯಿ ಸಾರ್ವಜನಿಕರಾ ಅಣ್ಣ?"

"ಅದರ ಯಜಮಾನ್ರು ಸಾರ್ವಜನಿಕರು. ನನ್ನ ತಲೆ ತಿನ್ಬೇಡಮ್ಮ. ನೀವು ಮುಟ್ಟಿದ ನಲ್ಲೀನ ಆಮೇಲೆ ಯಾರು ಮುಟ್ತಾರೆ ಅಂತ ಮೇಸ್ತ್ರೀನೇ ಹೇಳಿದ್ದು. ನನಗೂ ಹೊಟ್ಟೆಪಾಡು."

ಮೇಸ್ತ್ರಿ ದೂರದಿಂದಲೇ ಕೂಗಿದ: "ಕೆರೆ ತುಂಬಾ ನೀರಿಟ್ಕೊಂಡು ನೀರು ನೀರು ಅಂತೀರಲ್ರೇ!"

ತನ್ನ ಮಾತಿಗೆ ತಾನೇ ನಕ್ಕ. ಅಷ್ಟರಲ್ಲಿ ಒಬ್ಬರು ಕೊಬ್ಬಿದ ಬಿಳಿ ನಾಯಿಯನ್ನು ಹಿಡಿದುಕೊಂಡು ಬಂದರು. ವಾಚ್‌ಮನ್ ಓಡಿಹೋಗಿ ನಾಯಿಗೆ ನಲ್ಲಿ ತಿರುಗಿಸಿಕೊಟ್ಟ. ನಾಯಿ ಎರಡು ಗುಟುಕು ಕುಡಿದು, ಬಾಕಿ ನೀರಿನಲ್ಲಿ ಕಾಲಾಡಿಸಿತು. ಉದ್ದಕ್ಕ ನೋಡುತ್ತ ನಿಂತಳು. ಬಾನಿಯಿಂದ ಚೆಲ್ಲಿಹೋಗುತ್ತಿದ್ದ ನೀರಿನಿಂದ ಕಣ್ಣು ಕೀಳಲಿಲ್ಲ. ಬಾಯಿ ಮಾತ್ರ "ಆಯ್ತು ಸ್ವಾಮಿ" ಅಂದಿತು. ಅವಳ ಬಾಯಿಗೆ ಅದೊಂದೇ ಮಾತು ಬರುತ್ತಿದ್ದುದು.

ಹೆಂಗಸರ ಜೊತೆ ಮನುಷ್ಯರ ಹಾಗೆ ಮಾತಾಡುತ್ತಿದ್ದವಳು ಸೀಸೆ ಮೇಡಂ ಒಬ್ಬಳೇ. ನೀರು ಪರೀಕ್ಷೆ ಮಾಡುವ ಹುಡುಗಿ. ದೋಣಿಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಸೀಸೆಗಳಿಗೆ ನೀರು ತುಂಬುತ್ತಿದ್ದಳು. ಅವಳಿಗೆ ಪಾಚಿಯ ಹುಚ್ಚು. ಬೇರೆ ಹುಡುಗಿಯರು ಸಿನಿಮಾ ಕಥೆ ಹೇಳುವ ಹಾಗೆ ಪಾಚಿಯ ಕಥೆ ಹೇಳುತ್ತಿದ್ದಳು.

"ಒಂದೊಂದೇ ಇದ್ರೆ ಕಣ್ಣಿಗೇ ಕಾಣಲ್ಲ ಅಕ್ಕ. ನೀರುಚಿಗಟ ಅಂತ ಒಂದು ಸಣ್ಣ ಹುಳ ಇದನ್ನ ಮೇಯತ್ತೆ. ಆ ಹುಳದ ವಾಸನೆ ನೀರಲ್ಲಿ ಬಂತು ಅಂದ್ರೆ ಸಾಕು, ಇವಕ್ಕೆ ಗೊತ್ತಾಗ್ಬಿಡತ್ತೆ. ಲೋಳೆ ಬಿಟ್ಕೊಂಡು ಒಂದಕ್ಕೊಂದು ಅಂಟ್ಕೊಂಡು ಇಷ್ಟು ದೊಡ್ಡ ಮುದ್ದೆ ಆಗ್ಬಿಡ್ತವೆ. ಹುಳ ಬಾಯಿ ತೆರೀತದೆ, ತುರುಕಕ್ಕಾಗಲ್ಲ!"

"ಮೂಗಿಲ್ದೆ ವಾಸನೆ ಹೆಂಗೆ ನೋಡತ್ತೆ ಮೇಡಂ?"

"ಮೈಯೆಲ್ಲ ಮೂಗೇ ಅಕ್ಕ! ಇನ್ನೂ ಕೇಳಿ. ಪಕ್ಕದಲ್ಲಿ ಬೇರೆ ಗಿಡ ಬೆಳೀಬಾರ್ದು ಅಂತ ನೀರಿಗೆ ಏನೇನೋ ರಸ ಬಿಡತ್ತೆ. ಗಿಡಗಳೇನು ಸುಮ್ನಿರ್ತವಾ? ಅವೂ ತಮ್ಮ ರಸ ಬಿಟ್ಟು ಇದರ ಕತ್ತು ಹಿಸುಕ್ತವೆ. ಸದ್ದಿಲ್ದೆ ಯುದ್ಧ ನಡೀತಿರತ್ತೆ."

"ಟ್ಯಾಂಕರ್ ಬಂದಾಗ ನಮ್ಮ ಓಣಿ ಹಂಗೇ, ಸದ್ದೊಂದು ಇಲ್ಲ ಅಷ್ಟೇ" ಅಂದಳು ಕಿಸಕ್ಕಿ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಉದ್ದಕ್ಕ ಕೇಳಿದಳು, "ಇದು ಇಷ್ಟು ಕೊಬ್ಬೋದು ಏನು ತಿಂದು?"

ಮೇಡಂ ಮೇಲಿನ ಬಡಾವಣೆಯ ಕಡೆ ಕೈ ತೋರಿಸಿದಳು. ವಾಕಿಂಗ್ ಮಾಡುವವರ ಮನೆಗಳಿದ್ದದ್ದು ಅಲ್ಲಿ. ಅಲ್ಲಿಂದ ದಪ್ಪ ಕೊಳವೆಯೊಂದು ಬಂದು ಕೆರೆಗೆ ಬಾಯಿಟ್ಟಿತ್ತು. "ಅವರ ಮನೆ ಬಚ್ಚಲು, ಕಕ್ಕಸು ಎಲ್ಲ. ಅದನ್ನ ನಿಲ್ಲಿಸಿದ್ರೆ ಪಾಚಿ ಉಪವಾಸ ಬೀಳತ್ತೆ. ನಾನು ಹೇಳಿ ಹೇಳಿ ಸಾಕಾಯ್ತು. ಜಾಸ್ತಿ ಮಾತಾಡಿದ್ರೆ ಸೀಸೆ ಕಿತ್ಕೊಂಡು ಮನೆಗೆ ಕಳಿಸ್ತಾರೆ. ನಾನೂ ಗುತ್ತಿಗೇನೇ ಅಕ್ಕ."

ಆಹಾ! ಬಡಾವಣೆಯವರು ಕೂತೆದ್ದದ್ದು ಕೆರೆಗೆ. ಕೆರೆಯದ್ದು ಪಾಚಿಗೆ. ಪಾಚಿ ಇವರ ಮೈಗೆ. ಕೊನೆಗೆ ಕೂಸಿನ ಬಾಯಿಗೆ. ಇಷ್ಟಾದರೂ ನಲ್ಲಿ ಮುಟ್ಟಿದರೆ ಕೊಳೆಯಾಗುವುದು ಇವರಿಂದ!

ಹೀಗಿರುವಾಗ ದೊಡ್ಡ ಸಾಹೇಬರು ಬರುತ್ತಾರೆ ಅಂತ ಸುದ್ದಿ ಬಂತು. ಕೆರೆಗೆ ಹೊಸ ದೋಣಿಗಳು ಬಂದಿದ್ದವು. ಸಾಹೇಬರು ಒಂದರಲ್ಲಿ ಕೂತು ಒಂದು ಸುತ್ತು ಹೊಡೆದರೆ ಉದ್ಘಾಟನೆ ಆದಂತೆ. ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. ಹಗ್ಗ ಎಳೆಸಿ ಎಳೆಸಿ ಸಾಕಾಗಿ, ಕೊನೆಗೆ ಮೈಲುತುತ್ತದ ಮೂಟೆ ತರಿಸಿ ದೋಣಿಯಲ್ಲಿ ಹೋಗಿ ಕೆರೆ ತುಂಬ ಚೆಲ್ಲಿಸಿದ. ನೀಲಿ ಪುಡಿ ಕರಗಿತು. ಎರಡು ದಿನ ಕಳೆಯುವಷ್ಟರಲ್ಲಿ ಹಸಿರು ಹಳದಿಗೆ ತಿರುಗಿ, ಬೆಳ್ಳಗಾಗಿ, ತಳಕ್ಕಿಳಿಯಿತು. ಕೆರೆ ತಿಳಿಯಾಯಿತು. ಮೇಸ್ತ್ರಿ ಮೀಸೆ ತಿರುವಿದ. ಮರುದಿನ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಒಂದಲ್ಲ, ಎರಡಲ್ಲ. ದಡದುದ್ದಕ್ಕೂ ಬಿಳಿ ಹೊಟ್ಟೆಗಳು.

ಸೀಸೆ ಮೇಡಂ ಓಡಿ ಬಂದಳು. "ಯಾಕ್ರೀ ಹಾಕಿದ್ರಿ ಅದನ್ನ? ಪಾಚಿ ಬದುಕಿರೋವಾಗ ವಿಷಾನ ಹೊಟ್ಟೇಲಿ ಇಟ್ಕೊಂಡಿರತ್ತೆ. ಸಾಯೋವಾಗ ಒಡೆದು ಎಲ್ಲಾನೂ ನೀರಿಗೆ ಕಾರತ್ತೆ. ಈಗ ಇರೋದು ತಿಳಿನೀರಲ್ಲ, ಬರೀ ವಿಷ. ಯಾರೂ ಇಳೀಬಾರ್ದು."

"ಕಣ್ಣು ಕಾಣತ್ತೇನ್ರೀ ನಿಮಗೆ? ಕನ್ನಡಿ ಥರ ಇದೆ ನೀರು" ಅಂದ ಮೇಸ್ತ್ರಿ. "ಮೀನು ವಯಸ್ಸಾಗಿ ಸತ್ತಿವೆ."

"ಎಲ್ಲಾ ಮೀನಿಗೂ ಒಂದೇ ದಿನ ವಯಸ್ಸಾಯ್ತಾ?" ಅಂತ ಕಿಸಕ್ಕಿ ಕೇಳಿದಳು. ಮೇಸ್ತ್ರಿ ಕೆಕ್ಕರಿಸಿ ನೋಡಿದ.

ಉದ್ಘಾಟನೆಯ ಬೆಳಿಗ್ಗೆ. ಹಿಂಬಾಗಿಲ ಕಡೆ ಕೊಳೆತ ಮೀನಿನ ರಾಶಿ ಬಿದ್ದಿದ್ದರಿಂದ ಹೆಂಗಸರನ್ನು ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಬಿಟ್ಟರು. ಶಾಮಿಯಾನ, ಕುರ್ಚಿ, ಮೈಕು. ಹಾದಿ ತುಂಬ ನಾಯಿಗಳು, ನಾಯಿಗಳ ಹಿಂದೆ ಅವುಗಳ ಯಜಮಾನರು. ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಯಾರದೋ ಗಂಬೂಟು ಏರಿಸಿಕೊಂಡು ನಿಂತಿದ್ದ. ಸಾಹೇಬರು ಬರುವಷ್ಟರಲ್ಲಿ ಮೀನೆಲ್ಲ ಎಳೆದು ಹಾಕಬೇಕು. ಸಾಹೇಬರು ಬೇಗ ಬಂದುಬಿಟ್ಟರೆ? ಆಗ ತಾನೂ ದುಡಿಯುತ್ತಿರುವುದು ಫೋಟೋದಲ್ಲಿ ಬೀಳಬೇಕಲ್ಲ. ಅದಕ್ಕೆ ಹಗ್ಗದ ತಲೆಯನ್ನು ತನ್ನ ಸೊಂಟಕ್ಕೇ ಬಿಗಿಯಾಗಿ ಕಟ್ಟಿಕೊಂಡ. ನೀರಿನ ಅಂಚಿಗೆ ಹೋಗಿ ಎದೆಯುಬ್ಬಿಸಿ ನಿಂತ. ನೀರಿಗೆ ಮಾತ್ರ ಕಾಲಿಡಲಿಲ್ಲ.

"ಹೂಂ, ಹಿಡೀರಿ ಹಗ್ಗ! ಇಳೀರಿ!"

ಹನ್ನೊಂದು ಜನರೂ ಹಗ್ಗ ಹಿಡಿದರು. ರೂಢಿಯಂತೆ ಉದ್ದಕ್ಕ ಬಾಲದಲ್ಲಿ. ಅವಳ ಮುಂದೆ ಕಿಸಕ್ಕಿ. ಸಾಲು ಹುಲ್ಲುಹಾಸಿನ ಮೇಲೆ ಉದ್ದಕ್ಕೆ ನಿಂತಿತ್ತು. ಬಾಲ ಹಾದಿಯ ಹತ್ತಿರ, ತಲೆ ನೀರಿನ ಹತ್ತಿರ. ಸೀಸೆ ಮೇಡಂ ಕಟ್ಟೆಯ ಮೇಲಿಂದ "ಅಕ್ಕಾ ಬೇಡ, ಅಕ್ಕಾ ಬೇಡ" ಅಂತ ಕೈ ಆಡಿಸುತ್ತಿದ್ದಳು. ಅಷ್ಟರಲ್ಲಿ ಅಳು ಕೇಳಿಸಿತು. ಗಿಡ್ಡಣ್ಣ ಹೊತ್ತಿಗೆ ಮುಂಚೆಯೇ ಕೂಸನ್ನು ಎತ್ತಿಕೊಂಡು ಬಂದಿದ್ದ. ರಾತ್ರಿಯಿಂದ ಕಕ್ಕಿ ಕಕ್ಕಿ ಕೂಸಿನ ಅಳುವೂ ಸಣ್ಣಗಾಗಿತ್ತು. ಆ ಸಣ್ಣ ಅಳುವಿಗೇ ಕಿಸಕ್ಕಿಯ ಎದೆ ತೊಟ್ಟಿಕ್ಕಿ ಬಟ್ಟೆ ಒದ್ದೆಯಾಯಿತು. ಹಾಲು ಇತ್ತು, ಕೂಸು ಇತ್ತು. ನಡುವೆ ವಿಷದ ಕೆರೆಗೆ ಇಳಿದು ಬಾ ಅನ್ನುತ್ತಿದ್ದರು.

"ಇಳೀರೇ! ಕಿವಿ ಕೇಳಲ್ವಾ?"

ಉದ್ದಕ್ಕ ತಿರುಗಿದಳು. ಯೋಚಿಸಿ ತಿರುಗಿದ್ದಲ್ಲ. ಕಾಲು ತಿರುಗಿತು, ಅವಳು ಹೋದಳು. ಕೆರೆಗೆ ಬೆನ್ನು ಹಾಕಿ, ಎರಡು ಕೈಯಲ್ಲೂ ಹಗ್ಗ ಹಿಡಿದು, ನಲ್ಲಿಯ ಕಡೆಗೆ ನಡೆದಳು.

ಬಾಲ ತಿರುಗಿತು. ಅಂದ ಮೇಲೆ ಎಲ್ಲರೂ ತಿರುಗಬೇಕು. ಯಾಕೆ ಅಂತ ಯಾರೂ ಕೇಳಲಿಲ್ಲ. ಕಿಸಕ್ಕಿ ತಿರುಗಿದಳು, ಅವಳ ಮುಂದಿನವಳು ತಿರುಗಿದಳು, ಹಗ್ಗ ಝಗ್ಗನೆ ಬಿಗಿಯಾಯಿತು. ಮೇಸ್ತ್ರಿಯ ಎರಡೂ ಗಂಬೂಟು ನೆಲ ಬಿಟ್ಟವು. ಅವನು ಅಂಗಾತ ಬಿದ್ದ. ಪಾಚಿ ಎಳೆದು ಎಳೆದು ಕಲ್ಲಾದ ತೋಳುಗಳವು. ಒಬ್ಬ ಮೇಸ್ತ್ರಿ ಅವಕ್ಕೆ ಯಾವ ಭಾರ? ಹುಲ್ಲಿನ ಮೇಲೆ ಸರ್ರನೆ ಬಂದ.

"ಏಯ್! ಬಿಡ್ರೇ! ಹಗ್ಗ ಬಿಡ್ರೇ!"

ಬಿಡುವಂತಿಲ್ಲ. ಹಗ್ಗದ ಕಟ್ಟಳೆ. ಅವನ ಒಂದು ಬೂಟು ಹೂವಿನ ಪಾತಿಯಲ್ಲಿ ಉಳಿಯಿತು. ಬಿಳಿ ಅಂಗಿ ಹಸಿರಾಯಿತು. ಶಾಮಿಯಾನದ ಕುರ್ಚಿಸಾಲಿಗೆ ಕಾಲು ಸಿಕ್ಕಿ ಎರಡು ಕುರ್ಚಿಗಳೂ ಅವನ ಜೊತೆ ಮೆರವಣಿಗೆ ಹೊರಟವು. ನಗು ಆಗಲೇ ಹಗ್ಗದಲ್ಲಿ ಓಡತೊಡಗಿತ್ತು.

ವಾಚ್‌ಮನ್ ಎರಡೂ ಕೈ ಚಾಚಿ ನಲ್ಲಿಗೆ ಅಡ್ಡ ನಿಂತ. "ಎಲ್ಲಿಗೆ? ಇದು ನಾಯಿಗಳ ನಲ್ಲಿ! ನಾಯಿಗಳಿಗೆ ಮಾತ್ರ!"

ಕಿಸಕ್ಕಿ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಬೌ" ಅಂದಳು.

ವಾಚ್‌ಮನ್‌ಗೆ ಕೊಟ್ಟಿದ್ದ ಅಪ್ಪಣೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

"ಬೌ ಬೌ" ಅಂದಳು ಅವಳ ಪಕ್ಕದವಳು. ಮುಂದಿನವಳು ಊಳಿಟ್ಟಳು. ಗದ್ದದವರೆಗೆ ಮುಳುಗುತ್ತಿದ್ದ ಕುಳ್ಳಿ ಕುಂಯ್ ಕುಂಯ್ ಅಂದಳು. ವಯಸ್ಸಾದವಳೊಬ್ಬಳು ಹಲ್ಲಿಲ್ಲದ ಬಾಯಲ್ಲಿ "ವೌ" ಅಂದಳು. ಹನ್ನೊಂದು ಗಂಟಲು ಒಟ್ಟಿಗೆ ಬೊಗಳಿದವು. ಎಷ್ಟು ವರ್ಷದ್ದು ಗಂಟಲಲ್ಲಿತ್ತೋ! ಮೇಲಿನ ಬಡಾವಣೆಯ ಕಿಟಕಿಗಳು ತೆರೆದವು. ನಿಜವಾದ ನಾಯಿಗಳಿಗೆ ಮೊದಲು ಗಾಬರಿಯಾಯಿತು, ಆಮೇಲೆ ಖುಷಿಯಾಯಿತು. ಅವೂ ದನಿಗೂಡಿಸಿದವು. ಯಜಮಾನರನ್ನು ಎಳೆದುಕೊಂಡು ಬಂದು ಹೆಂಗಸರ ಸುತ್ತ ಕುಣಿದವು. ಕಟ್ಟೆಯ ಮೇಲೆ ಸೀಸೆ ಮೇಡಂ ಸೀಸೆಗಳನ್ನು ಕೆಳಗಿಟ್ಟು, ಅತ್ತಿತ್ತ ನೋಡಿ, ತಾನೂ ಒಮ್ಮೆ ಬೊಗಳಿದಳು. ಆಮೇಲೆ ನಿಲ್ಲಿಸಲಾಗಲಿಲ್ಲ ಅವಳಿಗೆ. ಗಿಡ್ಡಣ್ಣ ಕೂಸನ್ನು ಎದೆಗವಚಿಕೊಂಡು ನಡುವೆ ನುಗ್ಗಿ ಬರುತ್ತ ಬಗ್ಗಿಕೊಂಡು ಎಲ್ಲರ ಸೊಂಟದ ಮಟ್ಟದಿಂದ ಸಣ್ಣಗೆ "ಬೌ, ದಾರಿ ಬಿಡ್ರಪ್ಪ, ಬೌ" ಅನ್ನುತ್ತಿದ್ದ.

ಬಿಳಿ ನಾಯಿಯವರು ಸಿಟ್ಟಾದರು. "ಏನ್ರೀ ಇದು? ನಮ್ಮ ನಾಯಿ ಮೊದ್ಲು ಬಂದಿದ್ದು!"

"ಸರದೀಲಿ ಬನ್ನಿ ಸ್ವಾಮಿ, ಹನ್ನೊಂದು ನಾಯಿ ಆದ್ಮೇಲೆ ನಿಮ್ದು" ಅಂದಳು ಕಿಸಕ್ಕಿ. ಅವರ ಕೈಯಲ್ಲಿದ್ದ ನಾಯಿಯ ಶಾಂಪೂ ಸೀಸೆಯನ್ನು ತಾನೇ ತೆಗೆದುಕೊಂಡಳು.

ಉದ್ದಕ್ಕ ನಲ್ಲಿ ತಿರುಗಿಸಿದಳು. ತಣ್ಣನೆಯ ನೀರು ಬಂತು. ಎರಡು ಬೊಗಸೆ ಹಿಡಿದು ಸೊಸೆಯ ಕೊರಳಿಗೆ ಸುರಿದಳು. ಮತ್ತೆ ಸುರಿದಳು. ಎಷ್ಟೋ ದಿನದಿಂದ ಮೈಗೆ ಹತ್ತಿ ಒಣಗಿದ್ದ ಹಸಿರು ಇಳಿಯಿತು. ಕಿವಿಯ ಹಿಂದಿನ ಹಸಿರು, ಕಂಕುಳಿನ ಹಸಿರು, ಉಗುರಿನ ಸಂದಿಯ ಹಸಿರು. ಹೆಂಗಸರು ಹಗ್ಗವನ್ನು ಕಂಕುಳಲ್ಲಿ ಒತ್ತಿಕೊಂಡೇ ಸೆರಗು ಹಿಡಿದು ಮರೆ ಮಾಡಿ ಸುತ್ತ ನಿಂತರು. ಶಾಂಪೂ ನೊರೆ ಎದ್ದಿತು. ನಾಯಿಗೆ ಅಂತ ಎಂಥಾ ಪರಿಮಳ ಹಾಕಿದ್ದರು ಅದಕ್ಕೆ! "ಅತ್ತೇ, ಕಚಗುಳಿ!" ಅಂತ ಕಿಸಕ್ಕಿ ಕುಣಿದಳು. "ಸುಮ್ನಿರೇ ಮುಂಡೇದೆ" ಅಂತ ಅತ್ತೆ ಗದರಿಸಿದಳು. ಅವಳ ಕೈಗಳು ಉಜ್ಜುತ್ತಲೇ ಇದ್ದವು. ಸೊಸೆಯ ಬೆನ್ನಿನ ದದ್ದುಗಳನ್ನು ಅವಳು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಅವು ತನ್ನವೇ ದದ್ದುಗಳು.

ಕಿಸಕ್ಕಿ ಕಲ್ಲುಬಾನಿಯ ಅಂಚಿನ ಮೇಲೆ ಕೂತಳು. ಗಿಡ್ಡಣ್ಣ ಕೂಸನ್ನು ಕೊಟ್ಟ. ಕೂಸು ಒಂದು ಕ್ಷಣ ಮೂಸಿ ನೋಡಿತು. ಆಮೇಲೆ ಬಾಯಿ ಹಾಕಿತು.

ಸಾಹೇಬರ ಕಾರು ಬಂದದ್ದು ಆಗಲೇ. ಸಾಹೇಬರು ಇಳಿದು ನೋಡುತ್ತಾರೆ: ಬೊಗಳುವ ಹೆಂಗಸರು, ಕುಣಿಯುವ ನಾಯಿಗಳು, ಹಗ್ಗದ ತುದಿಯಲ್ಲಿ ಕುರ್ಚಿ ಹೊತ್ತ ಮೇಸ್ತ್ರಿ. "ಏನಿದು?" ಅಂದರು.

ಮೇಸ್ತ್ರಿ ಮಲಗಿದ್ದಲ್ಲಿಂದಲೇ ಕೈ ಮುಗಿದ. "ನಾಟಕ ಸರ್. ಜಾಗೃತಿ ನಾಟಕ. ಪ್ರಾಣಿದಯೆ ಬಗ್ಗೆ."

"ಓಹೋ, ಬಹಳ ಚೆನ್ನಾಗಿದೆ" ಅಂತ ಸಾಹೇಬರು ಚಪ್ಪಾಳೆ ತಟ್ಟಿದರು. ಹಿಂದಿದ್ದವರೂ ತಟ್ಟಿದರು. ಕ್ಯಾಮೆರಾದವನು ಫೋಟೋ ಹೊಡೆದ.

ಬೊಗಳುವುದು ನಿಂತಿತು. ಸುಮ್ಮನಿದ್ದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸ್ನಾನವೂ ಆಗಿತ್ತು, ಕೂಸು ಹಾಲೂ ಕುಡಿಯುತ್ತಿತ್ತು, ಚಪ್ಪಾಳೆಯೂ ಸಿಕ್ಕಿತ್ತು. ನಾಳೆ ಕೆಲಸವೂ ಇರುತ್ತಿತ್ತು. ಎಲ್ಲರೂ ಉದ್ದಕ್ಕನ ಮುಖ ನೋಡಿದರು.

"ನಾಟಕ ಅಲ್ಲ ಇದು" ಅಂದಳು ಉದ್ದಕ್ಕ. ನೆಟ್ಟಗೆ ನಿಂತಳು. ಸಾಹೇಬರು ಕತ್ತು ಎತ್ತಿ ನೋಡಬೇಕಾಯಿತು. "ಈ ನೀರು ನಾಯಿಗೂ ಆಗಲ್ಲ ಅಂತ ನೀವೇ ಬರೆಸಿ ಹಾಕಿದೀರಿ. ನಮ್ಮನ್ನ ಇಳಿಸ್ತೀರಿ. ಮೈ ತೊಳ್ಕೊಳ್ಳೋಕೆ ಒಂದು ಚೊಂಬು ನೀರು ಕೇಳಿದ್ರೆ ನಾಯಿದು ಅಂತೀರಿ. ನನ್ನ ಮೊಮ್ಮಗಳು ಸಾಯಕ್ಕೆ ಬಿದ್ದಿದೆ. ನಾವು ಇಳಿಯಲ್ಲ."

ಸಾಹೇಬರು ಮೇಡಂ ಕಡೆ ನೋಡಿದರು. "ನೀರು ಸರಿ ಇಲ್ವೇನಮ್ಮ?"

ಸೀಸೆ ಮೇಡಂ ಕಟ್ಟೆಯ ಮೇಲಿಂದಲೇ ಹೇಳಿದಳು, "ಇಲ್ಲ ಸರ್. ವಿಷ. ಮೇಸ್ತ್ರಿಗೆ ಹೇಳಿದ್ದೆ." ಹೇಳಿ ಮುಗಿಸಿ ಬಂದು ಹಗ್ಗ ಹಿಡಿದು ಸಾಲಿನಲ್ಲಿ ನಿಂತಳು. ದೋಣಿ ಹತ್ತಲು ಸಿದ್ಧವಾಗಿದ್ದ ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡು, ಹಿಂದೆ ಸರಿದು, ಮೇಸ್ತ್ರಿಗೆ ಹೇಳಿದರು, "ಏನ್ ಮಾಡ್ತೀಯೋ ಗೊತ್ತಿಲ್ಲ. ಮೊದ್ಲು ಆ ಮೀನು ತೆಗೆಸು."

ಮೇಸ್ತ್ರಿ ಎದ್ದ. ಸೊಂಟದ ಗಂಟು ಬಿಚ್ಚಲು ನೋಡಿದ, ಬಿಚ್ಚಲಾಗಲಿಲ್ಲ. ಹಗ್ಗ ಸೊಂಟದಲ್ಲಿದ್ದಂತೆಯೇ ಕೂಗಿದ. "ಕೇಳಿಸ್ತಾ? ಇಳೀತೀರೋ ಇಲ್ವೋ? ಇಳೀದೆ ಇದ್ರೆ ನಾಳೆಯಿಂದ ನಿಮಗ್ಯಾರಿಗೂ ಕೆಲಸ ಇಲ್ಲ!"

"ಕೆಲಸ ಇದೆ" ಅಂದಳು ಉದ್ದಕ್ಕ. "ಕೆರೆ ತುಂಬಾ ಇದೆ. ಮಾಡೋರಿಲ್ಲ."

ಸಾಹೇಬರು ಕೈಗಡಿಯಾರ ನೋಡಿಕೊಂಡರು. ಮೈಕಿನವನು ಮೈಕು ಹಿಡಿದುಕೊಂಡೇ ನಿಂತಿದ್ದ. ದಡಕ್ಕೆ ಮೀನುಗಳು ಬಂದು ಬಂದು ಸೇರುತ್ತಿದ್ದವು. ಎಲ್ಲರೂ ಕಾಯುತ್ತಿದ್ದರು. ಗಿಡ್ಡಣ್ಣ ಮಾತ್ರ ಮೊಮ್ಮಗಳ ಗಂಟಲನ್ನೇ ನೋಡುತ್ತಿದ್ದ. ಗುಟುಕು ಇಳಿದಾಗಲೆಲ್ಲ ಅವನೂ ಗುಟುಕು ನುಂಗುತ್ತಿದ್ದ.

"ಎಷ್ಟು ಹೊತ್ತು ಇದು?" ಅಂತ ಮೇಸ್ತ್ರಿ ಹಲ್ಲು ಕಡಿದ.

ಕಿಸಕ್ಕಿ ತಲೆ ಎತ್ತಲಿಲ್ಲ. ಕೈ ಚಾಚಿ ಮತ್ತೆ ನಲ್ಲಿ ತಿರುಗಿಸಿದಳು. ಇನ್ನೊಂದು ಎದೆಯನ್ನೂ ನಿಧಾನವಾಗಿ ತೊಳೆದುಕೊಂಡಳು. ಕೂಸನ್ನು ಆ ಕಡೆಗೆ ಹಾಕಿಕೊಂಡಳು.